ಗುರುಋಣ ಮತ್ತು ಭಿನ್ನಮತ



ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ದೇವಋಣ, ಋಷಿಋಣ, ಪಿತೃಋಣ ಎಂಬುವೇ ಆ ಮೂರು. ಯಜ್ಞದಿಂದ ಮೊದಲನೆಯದೂ, ಅಧ್ಯಯನದಿಂದ ಎರಡನೆಯದೂ, ಸಂತಾನದಿಂದ ಮೂರನೆಯದೂ ತೀರುವುವೆಂಬುದು ಅವರ ಲೆಕ್ಕ. ನಮಗೆ ಅಕ್ಷರ ಕಲಿಸಿದವರ ಸಾಲ ಋಷಿಋಣದೊಳಗೆ ಸೇರತಕ್ಕದ್ದು. ಆದರೆ ಈ ಲೆಕ್ಕದಲ್ಲಿ ಎರಡು ಪ್ರಶ್ನೆಗಳು ಉಳಿದುಬಿಟ್ಟಿವೆ. ಅಧ್ಯಯನಕ್ಕೆ ಅಧಿಕಾರವೇ ಇಲ್ಲವೆಂದು ಯಾರನ್ನು ನಾವು ಹೊರಗೆ ನಿಲ್ಲಿಸಿದೆವೋ ಅವರ ಪಾಲಿಗೆ ಈ ಋಣವೆಂದರೇನು? ಎರಡನೆಯದಾಗಿ, ಗುರು ಹೇಳಿದ್ದನ್ನೆಲ್ಲ ಒಪ್ಪಿ ಹಾಗೆಯೇ ಹೇಳಿಕೊಂಡು ಹೋದರೆ ಸಾಲ ತೀರಿತೆ, ಇಲ್ಲವೆ ಗುರು ಕೊಟ್ಟ ಬುದ್ಧಿಯನ್ನೇ ಹಿಡಿದು ಅವನ ಮಾತನ್ನು ಒರೆಗೆ ಹಚ್ಚಿ, ಬೇಕಾದರೆ ಅದಕ್ಕೆ ಎದುರಾಗಿ ನಿಂತರೆ ತೀರಿತೆ?

ಈ ಎರಡು ಪ್ರಶ್ನೆಗಳಿಗೂ ಒಬ್ಬನೇ ಶಿಷ್ಯನ ಬಾಳಿನಲ್ಲಿ ಉತ್ತರ ದೊರೆಯುತ್ತದೆ. ಆ ಶಿಷ್ಯರು ಡಾಕ್ಟರ್ ಭೀಮರಾವ್ ಅಂಬೇಡ್ಕರ್ ಅವರು. ರಾಜ್ಯಾಂಗವನ್ನು ರಚಿಸಿದವರಲ್ಲಿ ಮುಖ್ಯರೆಂದೂ, ದಲಿತರ ನಾಯಕರೆಂದೂ ಅವರನ್ನು ಎಲ್ಲರೂ ಬಲ್ಲರು. ಆದರೆ ಅವರು ಮೊದಲು ಪಳಗಿದ ವಿದ್ಯೆ ಅರ್ಥಶಾಸ್ತ್ರವೆಂಬುದನ್ನು ನಾವು ಹಲವು ವೇಳೆ ಮರೆಯುತ್ತೇವೆ. ಆ ವಿದ್ಯೆಯಲ್ಲಿ ಅವರಿಗೆ ಇಬ್ಬರು ದೊಡ್ಡ ಗುರುಗಳಿದ್ದರು: ನ್ಯೂಯಾರ್ಕಿನ ಎಡ್ವಿನ್ ಸೆಲಿಗ್ಮನ್ನರು ಮತ್ತು ಲಂಡನ್ನಿನ ಎಡ್ವಿನ್ ಕ್ಯಾನನ್ನರು. ಹೆಸರಿನ ಮೊದಲ ಭಾಗ ಇಬ್ಬರದೂ ಒಂದೇ. ಹುಟ್ಟಿದ ವರ್ಷವೂ ಒಂದೇ, 1861. ಈ ಇಬ್ಬರು ಗುರುಗಳಿಗೂ ಆ ಶಿಷ್ಯರಿಗೂ ನಡುವೆ ಇದ್ದ ಕೊಡುಕೊಳ್ಳುವಿಕೆಯೇ ಈ ದಿನದ ನಮ್ಮ ಮಾತಿನ ವಿಷಯ.

ಶಿಷ್ಯರ ಬಾಲ್ಯವನ್ನು ಮೊದಲು ನೆನೆಯೋಣ. 1891ನೆಯ ಇಸವಿ ಏಪ್ರಿಲ್ 14ರಂದು ಮಹೂ ದಂಡಿನಲ್ಲಿ ಅವರು ಹುಟ್ಟಿದರು. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಪಾಠಶಾಲೆಯಲ್ಲಿ ಬಾಲಕ ಭೀಮರಾಯನು ಇತರ ಹುಡುಗರ ಸಾಲಿನಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ಮನೆಯಿಂದ ಒಂದು ಗೋಣಿತಟ್ಟನ್ನು ತಂದು ಮೂಲೆಯಲ್ಲಿ ಹಾಸಿಕೊಂಡು ಕೂರಬೇಕು, ಸಾಯಂಕಾಲ ಅದನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕು. ಏಕೆಂದರೆ ಶಾಲೆಯನ್ನು ಗುಡಿಸುವ ಆಳು ಕೂಡ ಆ ತಟ್ಟನ್ನು ಮುಟ್ಟನು. ಬಾಯಾರಿದರೆ ನೀರಿನ ನಲ್ಲಿಯನ್ನು ಮುಟ್ಟುವಂತಿಲ್ಲ. ಜವಾನನು ಬಂದು ನಲ್ಲಿ ತಿರುಗಿಸಿದರೆ ನೀರು, ಜವಾನನಿಲ್ಲದ ದಿನ ನೀರೂ ಇಲ್ಲ. ಇದನ್ನು ಅವರೇ ಮುಂದೆ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಅಕ್ಷರ ಅವರಿಗೆ ದೊರೆಯಿತು, ನಿಜ. ಆದರೆ ಅಕ್ಷರ ಕಲಿಸುವ ಮನೆಯಲ್ಲಿ ತಾನೂ ಒಬ್ಬನೆಂಬ ಭಾವ ಅವರಿಗೆ ದೊರೆಯಲಿಲ್ಲ.

ಆದರೂ ಅವರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಬಿ.ಎ. ಪದವೀಧರರಾದರು. ಮರುವರ್ಷ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡುಗಳಂತೆ ಮೂರು ವರ್ಷ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಅಮೆರಿಕಕ್ಕೆ ಕಳುಹಿಸಿದರು. ಒಂದು ದೇಶೀಯ ಸಂಸ್ಥಾನದ ಬೊಕ್ಕಸದಿಂದ ಹೊರಟ ಹಣ ಇಷ್ಟು ದೊಡ್ಡ ಫಲಕ್ಕೆ ಕಾರಣವಾದ ಉದಾಹರಣೆಗಳು ಅಪರೂಪ. 1913ರ ಜುಲೈ ತಿಂಗಳಲ್ಲಿ ಇಪ್ಪತ್ತೆರಡು ವಯಸ್ಸಿನ ಈ ತರುಣರು ನ್ಯೂಯಾರ್ಕನ್ನು ಸೇರಿ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದರು. ಅಲ್ಲಿ ಗೋಣಿತಟ್ಟಿರಲಿಲ್ಲ. ಬೆಂಚು ಎಲ್ಲರಿಗೂ ಒಂದೇ, ಗ್ರಂಥಾಲಯದ ಬಾಗಿಲು ಎಲ್ಲರಿಗೂ ಒಂದೇ.

ಸೆಲಿಗ್ಮನ್ನರು ಆಗ ಆ ವಿಶ್ವವಿದ್ಯಾನಿಲಯದ ಹಿರಿಯ ಪ್ರಾಧ್ಯಾಪಕರು. 1885ರಲ್ಲಿಯೇ ಅಲ್ಲಿ ಪಾಠ ಹೇಳಲು ಆರಂಭಿಸಿದವರು; ಅದೇ ವರ್ಷ ಹುಟ್ಟಿದ ಅಮೆರಿಕದ ಅರ್ಥಶಾಸ್ತ್ರ ಸಂಘದ ಸ್ಥಾಪಕರಲ್ಲಿ ಒಬ್ಬರು. ಸರ್ಕಾರದ ಆದಾಯ, ವೆಚ್ಚ, ತೆರಿಗೆ, ಸಾಲ, ಇವುಗಳ ಶಾಸ್ತ್ರದಲ್ಲಿ ಅವರ ಮಾತು ಆ ದೇಶದಲ್ಲಿ ಪ್ರಮಾಣವಾಗಿತ್ತು. ತೆರಿಗೆಯನ್ನು ಒಬ್ಬನ ಮೇಲೆ ಹಾಕಿದರೆ ಅದರ ಭಾರ ಕೊನೆಗೆ ಯಾರ ಹೆಗಲ ಮೇಲೆ ಬೀಳುತ್ತದೆಂಬ ವಿಚಾರವನ್ನು ಕುರಿತು ಅವರು 1892ರಷ್ಟು ಹಿಂದೆಯೇ ಒಂದು ಗ್ರಂಥ ಬರೆದಿದ್ದರು. ಇದೇನು ಒಣ ಶಾಸ್ತ್ರವೆಂದು ಕೇಳುವವರು ತಿಳಿಯಬಾರದು. ಸರ್ಕಾರದವರು ಉಪ್ಪಿನ ಮೇಲೆ ಸುಂಕ ಹಾಕಿದರೆ ಅದನ್ನು ಕಟ್ಟುವವನು ಉಪ್ಪಿನ ವರ್ತಕ. ಆದರೆ ವರ್ತಕನು ಬೆಲೆಯನ್ನು ಅಷ್ಟೇ ಏರಿಸಿ ಮಾರುತ್ತಾನೆ. ಕೊನೆಗೆ ಆ ಸುಂಕವನ್ನು ತೆತ್ತವಳು ಗಂಜಿಗೆ ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳುವ ಕೂಲಿಯ ಹೆಂಗಸು. ಕಾಗದದ ಮೇಲೆ ಬರೆದ ಹೆಸರು ಯಾರದೋ, ಬೆವರು ಸುರಿಸುವ ಮೈ ಯಾರದೋ. ಈ ಎರಡನ್ನೂ ಬೇರೆ ಮಾಡಿ ನೋಡುವ ಕಣ್ಣನ್ನು ಕೊಡುವುದೇ ಸೆಲಿಗ್ಮನ್ನರ ಶಾಸ್ತ್ರ. ಸಮಾಜದ ಹೊರೆಯೆಲ್ಲ ಇಳಿದು ಇಳಿದು ಕೊನೆಗೆ ಯಾರ ಮೇಲೆ ನಿಲ್ಲುತ್ತದೆಂಬುದನ್ನು ಸ್ವಾನುಭವದಿಂದ ಬಲ್ಲ ಶಿಷ್ಯನಿಗೆ ಇಂತಹ ಪಾಠ ಎಷ್ಟು ರುಚಿಸಿರಬೇಕು!

ಕಾಲವೂ ಅದಕ್ಕೆ ಅನುಕೂಲವಾಗಿತ್ತು. ಉಳ್ಳವನು ಹೆಚ್ಚಾಗಿಯೂ ಇಲ್ಲದವನು ಕಡಮೆಯಾಗಿಯೂ ತೆರಬೇಕೆಂಬ ಆದಾಯತೆರಿಗೆಯ ಪಕ್ಷವನ್ನು ಸೆಲಿಗ್ಮನ್ನರು ಬಹುಕಾಲದಿಂದ ಸಮರ್ಥಿಸುತ್ತ ಬಂದಿದ್ದರು. ಅಮೆರಿಕದ ರಾಜ್ಯಾಂಗಕ್ಕೆ ತಿದ್ದುಪಡಿಯಾಗಿ ಅಂತಹ ತೆರಿಗೆಗೆ ದಾರಿ ತೆರೆದದ್ದು 1913ರಲ್ಲಿ, ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋದ ವರ್ಷದಲ್ಲಿಯೇ. ಪಾಠದ ಕೋಣೆಯಲ್ಲಿ ಆಡಿದ ಮಾತು ಕೊನೆಗೆ ದೇಶದ ಶಾಸನವಾಗಬಲ್ಲದೆಂಬುದು ಆ ವರ್ಷ ಅಲ್ಲಿದ್ದವರೆಲ್ಲರಿಗೂ ಕಣ್ಣಾರೆ ಕಾಣುವಂತಾಯಿತು. 1915ರಲ್ಲಿ ಮತ್ತೊಂದು ಸಂಗತಿ ನಡೆಯಿತು. ಪ್ರಾಧ್ಯಾಪಕರು ತಮಗೆ ಸತ್ಯವೆಂದು ತೋರಿದ್ದನ್ನು ನಿರ್ಭಯವಾಗಿ ಹೇಳುವ ಹಕ್ಕನ್ನು ಕುರಿತು ಅಮೆರಿಕದ ಪ್ರಾಧ್ಯಾಪಕರ ಸಂಘವು ಒಂದು ಘೋಷಣೆಯನ್ನು ಹೊರಡಿಸಿತು. ಅದನ್ನು ಸಿದ್ಧಪಡಿಸಿದ ಸಮಿತಿಗೆ ಸೆಲಿಗ್ಮನ್ನರೇ ಅಧ್ಯಕ್ಷರು. ಭಿನ್ನಮತಕ್ಕೆ ವಿದ್ಯಾಲಯದಲ್ಲಿ ಸ್ಥಳವಿರಬೇಕೆಂಬುದು ಆ ಗುರುಗಳಿಗೆ ಬರಿಯ ಸೌಜನ್ಯದ ಮಾತಾಗಿರಲಿಲ್ಲ, ವಿದ್ಯೆಯ ಧರ್ಮವೇ ಆಗಿತ್ತು.

ತರುಣ ಅಂಬೇಡ್ಕರರು ಈ ಗುರುಗಳ ಪಾಠಗಳನ್ನು ಒಂದನ್ನೂ ಬಿಡದೆ ಕೇಳುತ್ತಿದ್ದರೆಂದೂ, ಒಂದು ತರಗತಿಯಿಂದ ಮತ್ತೊಂದು ತರಗತಿಗೆ ಅವರ ಹಿಂದೆಯೇ ಹೋಗುತ್ತಿದ್ದರೆಂದೂ ಚರಿತ್ರಕಾರರು ಹೇಳುತ್ತಾರೆ. ಒಂದು ದಿನ ಶಿಷ್ಯರು, ಸಂಶೋಧನೆಗೆ ತಾವು ಯಾವ ಮಾರ್ಗವನ್ನು ಹಿಡಿಯಬೇಕೆಂದು ಕೇಳಿದರಂತೆ. ಗುರುಗಳು ಯಾವ ಮಾರ್ಗವನ್ನೂ ಹೇಳಿಕೊಡಲಿಲ್ಲ. ಮನಸ್ಸಿಟ್ಟು ಕೆಲಸ ಮಾಡುತ್ತ ಹೋದರೆ ನಿಮ್ಮ ಮಾರ್ಗ ನಿಮಗೇ ಹುಟ್ಟಿಕೊಳ್ಳುತ್ತದೆಂಬುದು ಅವರು ಕೊಟ್ಟ ಉತ್ತರದ ಭಾವ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಉಪದೇಶವಿಲ್ಲ. ತನ್ನ ಮಾರ್ಗವನ್ನು ಕೊಡುವ ಗುರು ಒಬ್ಬ ಅನುಯಾಯಿಯನ್ನು ಪಡೆಯುತ್ತಾನೆ. ಮಾರ್ಗವನ್ನು ಶಿಷ್ಯನಿಗೇ ಬಿಟ್ಟ ಗುರುವಿಗೆ ಸರಿಸಮನಾದ ಒಬ್ಬ ವಿದ್ವಾಂಸನು ದೊರೆಯುತ್ತಾನೆ.

ಇಲ್ಲಿ ಒಂದು ವಿಚಿತ್ರವಾದ ಸಾದೃಶ್ಯವನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಸೆಲಿಗ್ಮನ್ನರು ಯಹೂದಿ ಮನೆತನದವರು. ತಂದೆ ಜೋಸೆಫ್ ಸೆಲಿಗ್ಮನ್ನರು ನ್ಯೂಯಾರ್ಕಿನ ಪ್ರಖ್ಯಾತ ಸಾಹುಕಾರರು. ಇಷ್ಟಾದರೂ 1877ರಲ್ಲಿ ಸಾರಾಟೋಗ ಎಂಬ ವಿಹಾರಸ್ಥಳದ ದೊಡ್ಡದೊಂದು ಹೋಟೆಲಿನಲ್ಲಿ, ಯಹೂದಿಗಳಿಗೆ ಇಲ್ಲಿ ಸ್ಥಳವಿಲ್ಲವೆಂದು ಅವರನ್ನು ಹಿಂದಕ್ಕೆ ಕಳುಹಿಸಿದರು. ಆಗ ಮಗ ಎಡ್ವಿನ್ನನ ವಯಸ್ಸು ಹದಿನಾರು. ಇದಾದ ನಲವತ್ತು ವರ್ಷಕ್ಕೆ, 1917ರಲ್ಲಿ, ಆ ಎಡ್ವಿನ್ನರ ಶಿಷ್ಯರು ಅಮೆರಿಕದ ಎಂ.ಎ. ಪದವಿಯನ್ನು ಪಡೆದು ಬರೋಡೆಯಲ್ಲಿ ಉದ್ಯೋಗಕ್ಕೆ ಬಂದಾಗ, ಊರಿನಲ್ಲಿ ಯಾರೂ ಇರಲು ಮನೆ ಕೊಡಲಿಲ್ಲ. ಪಾರ್ಸಿಗಳ ಒಂದು ವಸತಿಗೃಹದಲ್ಲಿ ಹೆಸರು ಮರೆಸಿಕೊಂಡು ಇದ್ದರು. ಕೆಲವು ದಿನಗಳಲ್ಲಿ ದೊಣ್ಣೆ ಹಿಡಿದ ಗುಂಪೊಂದು ಬಂದು ಅಲ್ಲಿಂದಲೂ ಹೊರಡಿಸಿತು. ಗುರುವಿನ ತಂದೆಗೆ ಹಣವಿದ್ದೂ ಬಾಗಿಲು ಮುಚ್ಚಿತು, ಶಿಷ್ಯನಿಗೆ ವಿದ್ಯೆಯಿದ್ದೂ ಬಾಗಿಲು ಮುಚ್ಚಿತು. ಈ ಎರಡು ಅವಮಾನಗಳಿಗೆ ಅಂತರವಿದೆಯೆಂಬುದನ್ನು ನಾವು ಬಲ್ಲೆವು. ಸಾಹುಕಾರರು ಬೇರೊಂದು ಹೋಟೆಲಿಗೆ ಹೋಗಬಹುದಾಗಿತ್ತು. ನಮ್ಮವರು ಒಂದು ಉದ್ಯಾನದ ಮರದಡಿಯಲ್ಲಿ ಕುಳಿತು ಕಣ್ಣೀರು ಹಾಕಬೇಕಾಯಿತು.

ವಿದ್ಯೆಯ ಮಾತಿಗೆ ಹಿಂದಿರುಗೋಣ. 1916ರಲ್ಲಿ ಕೊಲಂಬಿಯಾದ ಓದನ್ನು ಮುಗಿಸಿಕೊಂಡು ಲಂಡನ್ನಿಗೆ ಹೊರಟಾಗ, ಅಲ್ಲಿಯ ಅರ್ಥಶಾಸ್ತ್ರಜ್ಞರಿಗೆ ಸೆಲಿಗ್ಮನ್ನರು ಪರಿಚಯದ ಪತ್ರ ಕೊಟ್ಟರು. ಆದರೆ ವರ್ಷ ತುಂಬುವುದರೊಳಗೆ ವಿದ್ಯಾರ್ಥಿವೇತನದ ಅವಧಿ ಮುಗಿದು, ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಸ್ವದೇಶಕ್ಕೆ ಮರಳಬೇಕಾಯಿತು. ಯುದ್ಧದ ಕಾಲ. ಪುಸ್ತಕಗಳೂ ಸಾಮಾನುಗಳೂ ಬೇರೊಂದು ಹಡಗಿನಲ್ಲಿ ಬರುತ್ತಿದ್ದುವು. ಶತ್ರುಗಳು ಅದನ್ನು ಟಾರ್ಪೆಡೋ ಹೊಡೆದು ಮುಳುಗಿಸಿದರು. ಕಷ್ಟಪಟ್ಟು ಕೂಡಿಸಿದ ಗ್ರಂಥಗಳು ಸಮುದ್ರದ ಪಾಲಾದುವು. 1922ರಲ್ಲಿ ಲಂಡನ್ನಿನಿಂದ ಸೆಲಿಗ್ಮನ್ನರಿಗೆ ಬರೆದ ಒಂದು ಪತ್ರದಲ್ಲಿ, ಮೊದಲ ಪ್ರಬಂಧದ ಹಸ್ತಪ್ರತಿಯೂ ಹೀಗೆ ಕಳೆದುಹೋದ ಸಂಗತಿಯನ್ನು ಹೇಳಿ, ತಾವು ಹೊಸದೊಂದನ್ನು ಬರೆದಿರುವುದನ್ನು ತಿಳಿಸಿದ್ದಾರೆ. ಐದಾರು ವರ್ಷ ಕಳೆದಿದ್ದರೂ, ಸಮುದ್ರ ಅಡ್ಡವಿದ್ದರೂ, ಶಿಷ್ಯನು ಗುರುವಿಗೆ ಒಪ್ಪಿಸಬೇಕಾದ ಲೆಕ್ಕ ಬಾಕಿ ಇದೆಯೆಂಬ ಭಾವನೆ ಆ ಪತ್ರದಲ್ಲಿ ಕಾಣುತ್ತದೆ.

ನಡುವೆ 1918ರಿಂದ 1920ರವರೆಗೆ ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಅವರೇ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಬೇರೆ ಕಾಲೇಜುಗಳ ಹುಡುಗರೂ ಅವರ ಪಾಠ ಕೇಳಲು ಬರುತ್ತಿದ್ದರಂತೆ. ಆದರೆ ಅಧ್ಯಾಪಕರ ಕೋಣೆಯ ನೀರಿನ ಮಡಕೆಯಿಂದ ಅವರು ನೀರು ಕುಡಿಯುವುದಕ್ಕೆ ಸಹೋದ್ಯೋಗಿಗಳಲ್ಲಿ ಕೆಲವರು ಆಕ್ಷೇಪಿಸಿದರು. ಬಾಲಕನಿಗೆ ಇಲ್ಲವಾದ ನೀರು ಪ್ರಾಧ್ಯಾಪಕನಿಗೂ ಇಲ್ಲವಾಯಿತು. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಕೊಲಂಬಿಯಾದಲ್ಲಿ ಜೊತೆಗಿದ್ದ ಪಾರ್ಸಿ ಮಿತ್ರರೊಬ್ಬರು ಕೊಟ್ಟ ಸಾಲ, ಇಷ್ಟನ್ನು ಕೂಡಿಸಿಕೊಂಡು 1920ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೊರಟರು. ಅಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದಲ್ಲಿ ಬೆಳಗಿನಿಂದ ಬಾಗಿಲು ಮುಚ್ಚುವವರೆಗೆ ಓದು. ಹೊಟ್ಟೆಗೆ ಅರೆಬರೆ ಆಹಾರ.

ಲಂಡನ್ ಅರ್ಥಶಾಸ್ತ್ರ ವಿದ್ಯಾಲಯದಲ್ಲಿ ಅವರ ಗುರು ಕ್ಯಾನನ್ನರು. 1895ರಲ್ಲಿ ಆ ವಿದ್ಯಾಲಯ ಆರಂಭವಾದಂದಿನಿಂದ 1926ರವರೆಗೆ ಅಲ್ಲಿ ಪಾಠ ಹೇಳಿದವರು. ಆಡಂ ಸ್ಮಿತ್ತನ ಮಹಾಗ್ರಂಥವನ್ನು ಪರಿಷ್ಕರಿಸಿ 1904ರಲ್ಲಿ ಅಚ್ಚು ಹಾಕಿಸಿದ ವಿದ್ವಾಂಸರು. ಸೆಲಿಗ್ಮನ್ನರು ದಾರಿಯನ್ನು ಶಿಷ್ಯನಿಗೆ ಬಿಟ್ಟವರಾದರೆ, ಕ್ಯಾನನ್ನರು ಶಿಷ್ಯನು ಇಟ್ಟ ಒಂದೊಂದು ಹೆಜ್ಜೆಯನ್ನೂ ನಿಲ್ಲಿಸಿ ಪ್ರಶ್ನಿಸುವವರು. ಒಬ್ಬರ ಧೈರ್ಯವೂ ಮತ್ತೊಬ್ಬರ ಶಾಸನವೂ ಕೂಡಿದಾಗ ಹುಟ್ಟಿದ್ದು ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧ.

ಆ ಸಮಸ್ಯೆಯನ್ನು ಎರಡು ಮಾತಿನಲ್ಲಿ ಹೇಳುವೆವು. 1893ಕ್ಕೆ ಮುಂಚೆ ನಮ್ಮ ದೇಶದಲ್ಲಿ ಯಾರಾದರೂ ಬೆಳ್ಳಿಯನ್ನು ಟಂಕಸಾಲೆಗೆ ಒಯ್ದು ರೂಪಾಯಿಯಾಗಿ ಮಾಡಿಸಿಕೊಳ್ಳಬಹುದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಳ್ಳಿಯ ಬೆಲೆ ಬಿದ್ದುಹೋಗಿ, ಹಿಂದೆ ಸುಮಾರು 2 ಷಿಲಿಂಗು ಬಾಳುತ್ತಿದ್ದ ರೂಪಾಯಿ 1 ಷಿಲಿಂಗು 3 ಪೆನ್ಸಿನ ಸಮೀಪಕ್ಕೆ ಇಳಿಯಿತು. ಲಂಡನ್ನಿಗೆ ಚಿನ್ನದ ಲೆಕ್ಕದಲ್ಲಿ ಹಣ ಕಟ್ಟಬೇಕಾಗಿದ್ದ ಭಾರತ ಸರ್ಕಾರಕ್ಕೆ ಇದರಿಂದ ಸಂಕಟವಾಯಿತು. 1893ರಲ್ಲಿ ಟಂಕಸಾಲೆಯನ್ನು ಪ್ರಜೆಗಳಿಗೆ ಮುಚ್ಚಿದರು. ಮುಂದೆ ಪೌಂಡಿಗೆ 15 ರೂಪಾಯಿ, ಎಂದರೆ ರೂಪಾಯಿಗೆ 1 ಷಿಲಿಂಗು 4 ಪೆನ್ಸು ಎಂಬ ದರವನ್ನು ನಿಲ್ಲಿಸಿದರು. ಜನರ ಕೈಯಲ್ಲಿ ಬೆಳ್ಳಿಯ ರೂಪಾಯಿ. ಹೊರದೇಶದ ವ್ಯವಹಾರಕ್ಕೆ ಮಾತ್ರ ಲಂಡನ್ನಿನಲ್ಲಿ ಇಟ್ಟ ನಿಧಿಯ ಮೂಲಕ ಚಿನ್ನ. ಇದಕ್ಕೆ ಸ್ವರ್ಣವಿನಿಮಯ ಪದ್ಧತಿಯೆಂದು ಹೆಸರು. 1913ರಲ್ಲಿ ಜಾನ್ ಮೇನಾರ್ಡ್ ಕೇನ್ಸರು ಈ ಪದ್ಧತಿಯನ್ನು ಹೊಗಳಿ ಒಂದು ಗ್ರಂಥವನ್ನು ಪ್ರಕಟಿಸಿದರು. ವಿದ್ವಲ್ಲೋಕದಲ್ಲಿ ಅದಕ್ಕೆ ದೊಡ್ಡ ಗೌರವ.

ಅಂಬೇಡ್ಕರರು ಇದನ್ನು ಒಪ್ಪಲಿಲ್ಲ. ಹೊರದೇಶದ ವಿನಿಮಯದ ದರ ಅಲುಗಾಡದೆ ನಿಂತರೆ ಸಾಲದು. ಒಳಗೆ ರೂಪಾಯಿಗೆ ಎಷ್ಟು ಅಕ್ಕಿ, ಎಷ್ಟು ಬಟ್ಟೆ ಬರುತ್ತದೆಂಬುದೇ ಜನರಿಗೆ ಮುಖ್ಯ. ರೂಪಾಯಿಯನ್ನು ಎಷ್ಟು ಬೇಕಾದರೂ ಟಂಕಿಸುವ ಅಧಿಕಾರ ಸರ್ಕಾರದ ಇಷ್ಟಕ್ಕೆ ಬಿಟ್ಟಿರುವಾಗ ಬೆಲೆಗಳು ಏರುತ್ತವೆ, ಆ ಏರಿಕೆಯ ಭಾರ ಬಡವನ ಮೇಲೆ ಬೀಳುತ್ತದೆ. ಆದಕಾರಣ ಸರ್ಕಾರಕ್ಕೂ ಟಂಕಸಾಲೆಯನ್ನು ಮುಚ್ಚಿ, ರೂಪಾಯಿಗಳ ಮೊತ್ತವನ್ನು ಮಿತಿಗೊಳಿಸಿ, ಚಿನ್ನದ ನಾಣ್ಯವನ್ನು ಚಲಾವಣೆಗೆ ತರಬೇಕು. ಇದು ಅವರ ವಾದದ ಸಾರ. ಭಾರ ಕೊನೆಗೆ ಎಲ್ಲಿ ಇಳಿಯುತ್ತದೆಂಬ ನ್ಯೂಯಾರ್ಕಿನ ಪಾಠವನ್ನು ತೆರಿಗೆಯಿಂದ ನಾಣ್ಯಕ್ಕೆ ತಿರುಗಿಸಿದ ಹಾಗೆ ನಮಗೆ ಇದು ತೋರುತ್ತದೆ. ಸರ್ಕಾರದ ನೀತಿಯನ್ನು ಹೀಗೆ ಖಂಡಿಸಿದ ಪ್ರಬಂಧವನ್ನು 1922ರ ಅಕ್ಟೋಬರಿನಲ್ಲಿ ಒಪ್ಪಿಸಿದರು. ಪರೀಕ್ಷಕರು ತಿದ್ದಬೇಕೆಂದು ಹಿಂದಕ್ಕೆ ಕೊಟ್ಟರು. ಕೈಯಲ್ಲಿ ಹಣವಿಲ್ಲದೆ ಮುಂಬಯಿಗೆ ಮರಳಿದ ಅವರು, ತಮ್ಮ ನಿರ್ಣಯಗಳನ್ನು ಬಿಡದೆ ಅಲ್ಲಲ್ಲಿ ತಿದ್ದಿ 1923ರಲ್ಲಿ ಮತ್ತೆ ಕಳುಹಿಸಿದರು. ಆ ವರ್ಷದ ಕೊನೆಯ ಹೊತ್ತಿಗೆ ಡಿ.ಎಸ್‌ಸಿ. ಪದವಿಯೂ ದೊರೆಯಿತು, ಗ್ರಂಥವೂ ಅಚ್ಚಾಯಿತು.

ಈ ಗ್ರಂಥದ ಮೊದಲ ಕೆಲವು ಪುಟಗಳೇ ನಮ್ಮ ಮಾತಿನ ಕೇಂದ್ರ. ಅಲ್ಲಿ ಶಿಷ್ಯರ ಅರಿಕೆಯೂ ಗುರುಗಳ ಮುನ್ನುಡಿಯೂ ಒಂದರ ಪಕ್ಕದಲ್ಲಿ ಒಂದಿವೆ. ಶಿಷ್ಯರು ಹೇಳುವುದು ಇದು: ಕ್ಯಾನನ್ನರ ಸಹಾನುಭೂತಿಯಿಂದ ತಮ್ಮ ಮೇಲೆ ಬಿದ್ದಿರುವ ಋಣ ಎಂದಿಗೂ ತೀರತಕ್ಕದ್ದಲ್ಲ, ಈ ಕೃತಿ ಅವರ ಮೇಲ್ವಿಚಾರಣೆಯಲ್ಲಿ ಬೆಳೆಯಿತು, ಇದರಲ್ಲಿಯ ಅಭಿಪ್ರಾಯಗಳಿಗೆ ಅವರು ಹೊಣೆಯಲ್ಲ, ಆದರೆ ಅವರ ಕಠಿಣವಾದ ಪರೀಕ್ಷೆ ತಮ್ಮನ್ನು ಅನೇಕ ತಪ್ಪುಗಳಿಂದ ಕಾಪಾಡಿತು. ಕೃತಜ್ಞತೆಯ ಮಾತಿನಲ್ಲಿ ಎಷ್ಟು ಎಚ್ಚರವಿದೆ ನೋಡಬೇಕು. ಉಪಕಾರ ಗುರುವಿನದು, ಅಭಿಪ್ರಾಯ ತನ್ನದು, ತಪ್ಪಿದ್ದರೆ ಅದೂ ತನ್ನದು.

ಗುರುಗಳ ಮುನ್ನುಡಿ ಇದಕ್ಕಿಂತಲೂ ಸ್ವಾರಸ್ಯವಾದದ್ದು. ಮುನ್ನುಡಿಗಳಲ್ಲಿ ಹೊಗಳಿಕೆ ರೂಢಿ. ಕ್ಯಾನನ್ನರಾದರೋ, ಆ ಪದ್ಧತಿಯ ಮೇಲೆ ಗ್ರಂಥಕರ್ತರಿಗಿರುವ ದ್ವೇಷ ತಮಗಿಲ್ಲವೆಂದೂ, ಅವರ ವಾದಗಳಲ್ಲಿ ಬಹುಭಾಗವನ್ನು ತಾವು ಒಪ್ಪುವುದಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಬರೆದರು. ಅದರ ಜೊತೆಗೇ, ಕೆಲವು ಕಡೆ ಶಿಷ್ಯರ ಪೆಟ್ಟು ಗುರಿಗೆ ನೇರವಾಗಿ ತಗುಲಿದೆಯೆಂದೂ, ತಪ್ಪೆಂದು ತಮಗೆ ತೋರಿದ ಕಡೆಯಲ್ಲಿಯೂ ಯೋಚನೆಯಲ್ಲಿ ಒಂದು ಹೊಸತನವನ್ನು ಕಂಡೆನೆಂದೂ ಹೇಳಿದರು. ತಮ್ಮಂತಹ ಹಳೆಯ ಉಪಾಧ್ಯಾಯರು ಸ್ವಂತ ಬುದ್ಧಿಯ ಚೇಷ್ಟೆಗಳನ್ನು ಸಹಿಸುವುದನ್ನು ಕಲಿತಿರುತ್ತಾರೆಂದು, ಶಿಷ್ಯರು ಹೇಳಿದ ಆ ಕಠಿಣ ಪರೀಕ್ಷೆಯನ್ನೇ ನೆನೆದು, ಸ್ವಲ್ಪ ವಿನೋದವನ್ನೂ ಮಾಡಿದರು. ಕೊನೆಗೆ, ವಾದದಲ್ಲಿ ಭೇದವಿದ್ದರೂ ಕಾರ್ಯತಃ ಏನು ಮಾಡಬೇಕೆಂಬ ನಿರ್ಣಯದಲ್ಲಿ ಶಿಷ್ಯರ ಮಾತೇ ಸರಿಯೆಂದು ತಮಗೆ ತೋರುವುದಾಗಿ ಒಪ್ಪಿಕೊಂಡರು. ಅದಕ್ಕೆ ಅವರು ಕೊಟ್ಟ ಕಾರಣ ಸರಳವಾದದ್ದು: ಜಟಿಲವಾದ ಪದ್ಧತಿಯನ್ನು ತಿಳಿದವರು ಬಹಳ ಕಡಮೆ, ತಿಳಿಯದವರ ಕೈಯಲ್ಲಾಗಲಿ ದುರುದ್ದೇಶವುಳ್ಳವರ ಕೈಯಲ್ಲಾಗಲಿ ಅದು ಕೆಡುವುದು ಸುಲಭ.

ಈ ಪುಟಗಳನ್ನು ಓದುವಾಗ ನಮಗೆ ಗೋಣಿತಟ್ಟಿನ ಮೇಲೆ ಕುಳಿತ ಬಾಲಕನ ನೆನಪಾಗುತ್ತದೆ. ಅವನ ಮೈಯನ್ನು ಮುಟ್ಟಲು ಹೇಸಿದವರು ಇದ್ದರು. ಅವನ ಮೇಲೆ ಕನಿಕರಪಟ್ಟು ನೆರವಾದ ಪುಣ್ಯವಂತರೂ ಇದ್ದರು. ಅವರ ಉಪಕಾರವನ್ನು ನಾವು ಲಘುವಾಗಿ ಎಣಿಸಲಾರೆವು. ಆದರೆ ಅವನ ಮಾತನ್ನು ಸರಿಸಮನ ಮಾತೆಂದು ತೂಗಿ, ಇದನ್ನು ಒಪ್ಪುತ್ತೇನೆ, ಇದನ್ನು ಒಪ್ಪುವುದಿಲ್ಲ, ಇದಕ್ಕೆ ಕಾರಣ ಇಂಥದ್ದು, ಎಂದು ವಾದಕ್ಕೆ ಕುಳಿತ ಗುರು ಕೊಟ್ಟದ್ದು ಕನಿಕರಕ್ಕಿಂತ ಮೇಲಾದ ವಸ್ತು. ಕನಿಕರವನ್ನು ಮೇಲೆ ನಿಂತವನು ಕೆಳಗಿರುವವನಿಗೆ ಕೊಡುತ್ತಾನೆ. ಭಿನ್ನಾಭಿಪ್ರಾಯಕ್ಕೆ ಇಬ್ಬರೂ ಒಂದೇ ನೆಲದ ಮೇಲೆ ನಿಲ್ಲಬೇಕು. ಅಂಬೇಡ್ಕರರು ತೀರದ ಋಣವೆಂದು ಹೇಳಿದ್ದು ಈ ಸಮಾನತೆಯ ಋಣವನ್ನೇ ಎಂದು ನಾವು ತಿಳಿದಿದ್ದೇವೆ.

ಸೆಲಿಗ್ಮನ್ನರಿಗೆ ಸಲ್ಲಬೇಕಾದ ಲೆಕ್ಕವೂ ಬಾಕಿಯಾಗಲಿಲ್ಲ. 1925ರಲ್ಲಿ ಬ್ರಿಟಿಷ್ ಇಂಡಿಯದ ಪ್ರಾಂತಗಳ ಹಣಕಾಸಿನ ವಿಕಾಸವನ್ನು ಕುರಿತ ಗ್ರಂಥ ಪ್ರಕಟವಾಯಿತು. 1833ರ ಶಾಸನದಿಂದ ದೇಶದ ಹಣವೆಲ್ಲ ಕೇಂದ್ರ ಸರ್ಕಾರದ ಕೈ ಸೇರಿದ್ದು, ಖರ್ಚು ಮಾಡುವವರು ಪ್ರಾಂತದವರೂ ಹಣ ಕೂಡಿಸುವ ಹೊಣೆ ಕೇಂದ್ರದ್ದೂ ಆದುದರಿಂದ ಬಂದ ಅನರ್ಥ, 1871ರಿಂದ ಮುಂದೆ ಗೊತ್ತಾದ ಮೊತ್ತಗಳನ್ನು ಕೊಟ್ಟದ್ದು, 1877ರಿಂದ ಕೆಲವು ಆದಾಯಗಳನ್ನೇ ಬಿಟ್ಟುಕೊಟ್ಟದ್ದು, 1882ರಿಂದ ಆದಾಯಗಳನ್ನು ಹಂಚಿಕೊಂಡದ್ದು, ಇವೆಲ್ಲ ಅದರಲ್ಲಿ ಕ್ರಮವಾಗಿ ನಿರೂಪಿತವಾಗಿವೆ. ಗ್ರಂಥವನ್ನು ವಿದ್ಯಾರ್ಥಿವೇತನ ಕೊಟ್ಟ ಗಾಯಕವಾಡ ಮಹಾರಾಜರಿಗೆ ಅರ್ಪಿಸಿದರು. ಮುನ್ನುಡಿಯನ್ನು ಸೆಲಿಗ್ಮನ್ನರು ಬರೆದರು. ಸಂಗತಿಗಳನ್ನು ಪಕ್ಷಪಾತವಿಲ್ಲದೆ ಹೇಳಿರುವುದೂ ಸಮಚಿತ್ತದಿಂದ ವಿಮರ್ಶಿಸಿರುವುದೂ ಇದರ ಬೆಲೆಯೆಂದೂ, ಇದರ ಮೂಲತತ್ತ್ವಗಳನ್ನು ಇಷ್ಟು ವಿವರವಾಗಿ ಬೇರೆ ಯಾರೂ ಪರಿಶೀಲಿಸಿದ್ದು ತಮಗೆ ತಿಳಿಯದೆಂದೂ, ಈ ಪಾಠ ಬೇರೆ ದೇಶಗಳಿಗೂ ಅನ್ವಯಿಸುವುದೆಂದೂ ಅವರು ಹೇಳಿದರು. ಅಚ್ಚಾದ ಗ್ರಂಥ ತಲುಪಿದ ಮೇಲೆ 1927ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯವು ಪಿಎಚ್.ಡಿ. ಪದವಿಯನ್ನು ಕೊಟ್ಟಿತು. ಓದು ಮುಗಿದ ಹನ್ನೊಂದನೆಯ ವರ್ಷಕ್ಕೆ ಗುರುದಕ್ಷಿಣೆ ಸಂದಿತು.

ಇಪ್ಪತ್ತು ವರ್ಷಗಳ ಮೇಲೆ, 1947ರ ಆಗಸ್ಟಿನಲ್ಲಿ, ಸ್ವತಂತ್ರ ಭಾರತದ ರಾಜ್ಯಾಂಗದ ಕರಡು ಸಮಿತಿಗೆ ಈ ಶಿಷ್ಯರೇ ಅಧ್ಯಕ್ಷರಾದರು. 1950ರಲ್ಲಿ ಜಾರಿಗೆ ಬಂದ ಆ ರಾಜ್ಯಾಂಗದ 280ನೆಯ ವಿಧಿಯು, ಕೇಂದ್ರಕ್ಕೂ ರಾಜ್ಯಗಳಿಗೂ ಆದಾಯ ಹಂಚುವ ವಿಷಯದಲ್ಲಿ ಸಲಹೆ ಕೊಡಲು ಐದು ವರ್ಷಕ್ಕೊಮ್ಮೆ ಹಣಕಾಸಿನ ಆಯೋಗವೊಂದನ್ನು ನೇಮಿಸಬೇಕೆಂದು ಹೇಳುತ್ತದೆ. ಅಂತಹ ದೊಡ್ಡ ಕೆಲಸ ಒಬ್ಬರ ಕೈಯಿಂದ ಆಗತಕ್ಕದ್ದಲ್ಲ. ಆ ವಿಧಿಯ ಹಿಂದೆ ಅನೇಕರ ವಿಚಾರವಿದೆ. ಆದರೆ ಕೇಂದ್ರಕ್ಕೂ ಪ್ರಾಂತಗಳಿಗೂ ಇರುವ ಹಣದ ಸಂಬಂಧವನ್ನು ಬೇರಿನಿಂದ ತಿಳಿದವರೊಬ್ಬರು ಆ ಪೀಠದಲ್ಲಿದ್ದದ್ದು ದೇಶದ ಪುಣ್ಯವೆಂದು ಹೇಳಲು ನಾವು ಸಂಕೋಚಪಡಬೇಕಾಗಿಲ್ಲ.

1930ರಲ್ಲಿ ಕೊಲಂಬಿಯಾದ ಹಳೆಯ ವಿದ್ಯಾರ್ಥಿಗಳ ಪತ್ರಿಕೆಗೆ ಬರೆಯುತ್ತ, ತಮ್ಮ ಬಾಳಿನ ಅತ್ಯುತ್ತಮ ಮಿತ್ರರೆಂದರೆ ಅಲ್ಲಿಯ ಕೆಲವು ಸಹಪಾಠಿಗಳೂ, ಡ್ಯೂಯಿ, ಷಾಟ್‌ವೆಲ್, ಸೆಲಿಗ್ಮನ್, ರಾಬಿನ್‌ಸನ್ ಎಂಬ ಪ್ರಾಧ್ಯಾಪಕರೂ ಎಂದು ಅಂಬೇಡ್ಕರರು ಹೇಳಿದರು. ಗುರುಗಳನ್ನು ಮಿತ್ರರೆಂದು ಕರೆದಿರುವುದನ್ನು ಗಮನಿಸಬೇಕು. ಆ ಮಾತು ಉದ್ಧಟತನವಲ್ಲ. ಆ ಗುರುಗಳು ಕೊಟ್ಟದ್ದೇನೆಂಬುದರ ಸರಿಯಾದ ಹೆಸರು. 1952ರ ಜೂನ್ 5ರಂದು ಕೊಲಂಬಿಯಾ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಪದವಿಯನ್ನು ಕೊಟ್ಟಾಗ ಆ ಮಿತ್ರರಲ್ಲಿ ಹಲವರು ಇರಲಿಲ್ಲ. ಲಂಡನ್ನಿನ ಕ್ಯಾನನ್ನರು 1935ರಲ್ಲಿಯೂ ಸೆಲಿಗ್ಮನ್ನರು 1939ರಲ್ಲಿಯೂ ತೀರಿಕೊಂಡಿದ್ದರು. ತತ್ತ್ವಶಾಸ್ತ್ರದ ಗುರು ಡ್ಯೂಯಿಯವರು ನಾಲ್ಕೇ ದಿನ ಮುಂಚೆ ತೀರಿಹೋಗಿದ್ದರು. ಗುರುಗಳು ಇಲ್ಲದ ಮನೆಯಲ್ಲಿ ಶಿಷ್ಯನು ಗೌರವವನ್ನು ಸ್ವೀಕರಿಸಿದನು.

ಮಹಾಶಯರೇ, ಆರಂಭದಲ್ಲಿ ಕೇಳಿದ ಪ್ರಶ್ನೆಗಳಿಗೆ ಹಿಂದಿರುಗುವೆವು. ಅಧ್ಯಯನಕ್ಕೆ ಅಧಿಕಾರವಿಲ್ಲವೆಂದು ಹೊರಗಿಟ್ಟವರಿಗೂ ಋಷಿಋಣವುಂಟೆ? ಉಂ‌ಟು, ಆದರೆ ಅದು ಬಾಗಿಲು ಮುಚ್ಚಿದವರಿಗೆ ಸಲ್ಲತಕ್ಕದ್ದಲ್ಲ, ಬಾಗಿಲು ತೆರೆದವರಿಗೆ ಸಲ್ಲತಕ್ಕದ್ದು. ಬಾಗಿಲು ಮುಚ್ಚಿದವರೇ ಅವನಿಗೆ ಸಾಲಗಾರರು, ಮತ್ತು ಆ ಸಾಲವನ್ನು ತೀರಿಸಬೇಕಾದವರು ನಾವು. ಒಪ್ಪಿದರೆ ಗುರುಋಣ ತೀರುತ್ತದೆಯೆ? ತೀರುವುದಿಲ್ಲ. ಗುರುವಿನ ಮಾತನ್ನು ಹಾಗೆಯೇ ಮರಳಿಸುವವನು ಪಡೆದ ನಾಣ್ಯವನ್ನೇ ಹಿಂದಕ್ಕೆ ಕೊಟ್ಟವನು. ಅದರಲ್ಲಿ ಬೆಳೆಯಿಲ್ಲ, ಬಡ್ಡಿಯಿಲ್ಲ. ಕಲಿತದ್ದನ್ನು ತನ್ನ ಜನರ ಕಷ್ಟದ ಮೇಲೆ ತಿರುಗಿಸಿ, ಗುರು ಕಾಣದ್ದನ್ನು ಕಂಡು, ಅದನ್ನು ವಿನಯದಿಂದಲೂ ನಿರ್ಭಯದಿಂದಲೂ ಗುರುವಿನ ಮುಂದೆಯೇ ಇಟ್ಟವನು ಬಡ್ಡಿಸಹಿತ ಕೊಟ್ಟವನು. ಅಂತಹ ಶಿಷ್ಯನ ವಿರೋಧಕ್ಕೆ ಮುನ್ನುಡಿ ಬರೆದು ತನ್ನ ಹೆಸರನ್ನು ಹಾಕಬಲ್ಲವನೇ ಗುರು.

ನಮ್ಮ ಊರುಗಳ ಪಾಠಶಾಲೆಗಳಲ್ಲಿ ಪ್ರಶ್ನೆ ಕೇಳಿದ ಹುಡುಗನನ್ನು ತುಂಟನೆಂದು ಕೂರಿಸುವ ಉಪಾಧ್ಯಾಯರೂ ಉಂಟು, ಇನ್ನೊಮ್ಮೆ ಕೇಳು ಎನ್ನುವ ಉಪಾಧ್ಯಾಯರೂ ಉಂಟು. ಎರಡನೆಯ ಬಗೆಯವರು ನಮ್ಮಲ್ಲಿ ಯಾರಿಗಾದರೂ ದೊರೆತಿದ್ದರೆ, ಮತ್ತು ಅವರು ಇನ್ನೂ ಬದುಕಿದ್ದರೆ, ಈ ರಾತ್ರಿಯೇ ಅವರಿಗೆ ಒಂದು ಕಾಗದ ಬರೆಯಬಹುದು. ಹೊಗಳಿಕೆ ಬೇಕಾಗಿಲ್ಲ. ನೀವು ಹೇಳಿದ್ದನ್ನು ಹೀಗೆ ಮುಂದುವರಿಸಿದೆವು, ಇಂಥ ಕಡೆ ನಿಮ್ಮನ್ನು ಒಪ್ಪಲಾರದೆ ಹೋದೆವು, ಒಪ್ಪದಿರುವ ಶಕ್ತಿಯೂ ನಿಮ್ಮಿಂದಲೇ ಬಂದದ್ದು, ಎಂದು ಬರೆದರೆ ಸಾಕು. ಅದನ್ನು ಓದಿ ಅವರಿಗೆ ಆಗುವ ಸಂತೋಷ ಬೇರೆ ಯಾವ ಕಾಣಿಕೆಯಿಂದಲೂ ಆಗಲಾರದು.